ಹೆಗಲಿಗೆ ಹಾಕಿಕೊಳ್ಳುವ ಆಕ್ಸಿಜನ್ ಮೆಷಿನ್: ಎರಡು ವರ್ಷ ಹೊತ್ತು ತಿರುಗಿದ ಮೇಲೆ

ಪೋರ್ಟಬಲ್ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಚಿಕ್ಕ ಮೆಷಿನ್, ತಗೊಳ್ಳೋಣ ಅಂತ ಹೊರಟವರು ಮೊದಲು ಕೇಳುವುದು ತೂಕ ಎಷ್ಟು ಅಂತ. ಆಮೇಲೆ ಬೆಲೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಬೇರೆ. ಆಕ್ಸಿಜನ್ ಎಷ್ಟು ಬರಬೇಕು ಅಂತ ಮೆಷಿನ್‌ನಲ್ಲಿ ನಂಬರ್ ಇಡಬೇಕು, ನೀವು ನಡೆಯುವಾಗ ಎಷ್ಟನೇ ನಂಬರ್ ಬೇಕಾಗುತ್ತದೆ? ಆ ನಂಬರಿನಲ್ಲಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಇದಕ್ಕೆ ಉತ್ತರ ಸಿಗದೆ ದುಡ್ಡು ಕೊಡಬೇಡಿ.

ನನಗೆ ಸಿಓಪಿಡಿ, ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಸಿಗರೇಟ್ ಮುಟ್ಟಿದವಳಲ್ಲ, ಹಾಸನದ ಕಡೆ ಹಳ್ಳಿಯಲ್ಲಿ ವರ್ಷಗಟ್ಟಲೆ ಸೌದೆ ಒಲೆ ಊದಿದ್ದರ ಫಲ. ಈಗ ಇರುವುದು ಮೈಸೂರಿನಲ್ಲಿ. ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಇರಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ನಿಮಿಷಕ್ಕೆ 5 ಲೀಟರ್‌ವರೆಗೆ ಕೊಡುವ ದೊಡ್ಡ ಮೆಷಿನ್ ಇದೆ. ಅದಕ್ಕೆ ಚಕ್ರ ಇದ್ದರೂ ಹಾಲ್‌ನಿಂದ ರೂಮಿಗೆ ಹೋದರೆ ಅದೇ ದೊಡ್ಡ ಪ್ರಯಾಣ. ಹೊರಗೆ ಹೋಗಲು ಮೊದಲು ಸಿಲಿಂಡರ್ ಇಟ್ಟುಕೊಂಡಿದ್ದೆವು. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ 12 ಗಂಟೆಗೆ ಸಾಕು. ಲೆಕ್ಕವೇನೋ ಚೆನ್ನಾಗಿದೆ, ಆದರೆ ಆ ಕಬ್ಬಿಣವನ್ನು ಕಾರಿನಿಂದ ಇಳಿಸುವವರು ಯಾರು? ನಮ್ಮೆಜಮಾನರ ಬೆನ್ನೂ ಅಷ್ಟಕ್ಕಷ್ಟೇ.

ಹಾಗಾಗಿ ಈ ಎರಡೂ ಚಿಲ್ಲರೆ ಕೆಜಿಯ ಮೆಷಿನ್ ಬಂತು. ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ನಾನು ಹೇಳುವ ಗುಣದೋಷಗಳಲ್ಲಿ ಬಹುಪಾಲು ಈ ಜಾತಿಯ ಮೆಷಿನ್‌ಗಳೆಲ್ಲಕ್ಕೂ ಸೇರಿದ್ದು.

ಮುಖ್ಯ ವಿಷಯಕ್ಕೆ ಬರುತ್ತೇನೆ. ಮನೆಯ ಮೆಷಿನ್ ಆಕ್ಸಿಜನ್ನನ್ನು ಸದಾ ಬಿಡುತ್ತಲೇ ಇರುತ್ತದೆ. ನೀವು ಉಸಿರು ಬಿಡುವಾಗ ಬಂದದ್ದು ಸುಮ್ನೆ ಗಾಳಿಗೆ ಹೋಗುತ್ತದೆ. ಚಿಕ್ಕ ಮೆಷಿನ್ ಹಾಗಲ್ಲ. ಮೂಗಿನಲ್ಲಿ ಉಸಿರು ಎಳೆದದ್ದು ಅದಕ್ಕೆ ಗೊತ್ತಾಗುತ್ತದೆ, ಆಗ ಮಾತ್ರ 'ಫುಸ್' ಅಂತ ಒಂದಿಷ್ಟು ಬಿಡುತ್ತದೆ. ಇದಕ್ಕೆ ಪಲ್ಸ್ ಡೋಸ್ ಅನ್ನುತ್ತಾರೆ. ಅದು ಅಷ್ಟು ಹಗುರ ಇರುವುದೇ ಇದರಿಂದ. ಆದರೆ ಇಲ್ಲಿ 2 ಅಂದರೆ 2 ಲೀಟರ್ ಅಲ್ಲ! ನಮಗೆ ಮೆಷಿನ್ ತೋರಿಸಿದ ಅಂಗಡಿಯ ಹುಡುಗ "ಆಂಟಿ, 2ಕ್ಕೆ ಇಟ್ಟರೆ 2 ಲೀಟರ್ ಬರುತ್ತೆ" ಅಂತ ಧೈರ್ಯವಾಗಿ ಹೇಳಿದ. ಇನೋಜೆನ್ ಒನ್ ಜಿ5 ಅನ್ನುವ ಹೆಸರುವಾಸಿ ಮೆಷಿನ್ನನ್ನೇ ನೋಡಿ. ಅದರಲ್ಲಿ 1ರಿಂದ 6ರವರೆಗೆ ನಂಬರ್ ಇವೆ. 6ರಲ್ಲಿ ಇಟ್ಟರೂ ನಿಮಿಷಕ್ಕೆ ಬರುವುದು 1260 ಮಿಲಿಲೀಟರ್. 2ರಲ್ಲಿ 420. ನಿಮಿಷಕ್ಕೆ 20 ಸಲ ಉಸಿರಾಡಿದರೆ ಒಂದು ಉಸಿರಿಗೆ 21 ಮಿಲಿ ಸಿಗುತ್ತದೆ. ಮೆಟ್ಟಿಲು ಹತ್ತಿ ಏದುಸಿರು ಬಂದು 30 ಸಲ ಉಸಿರಾಡಿದರೆ ಅದೇ 420 ಹಂಚಿಹೋಗಿ 14 ಆಗುತ್ತದೆ. ಜಾಸ್ತಿ ಬೇಕಾದ ಹೊತ್ತಿನಲ್ಲೇ ಒಂದೊಂದು ಉಸಿರಿಗೆ ಕಡಿಮೆ!

ಅಂದಮಾತ್ರಕ್ಕೆ ಇದು ಮೋಸ ಅಂತಲ್ಲ. ಉಸಿರು ಎಳೆಯುವ ಮೊದಲ ಕ್ಷಣದಲ್ಲಿ ಹೋದ ಆಕ್ಸಿಜನ್ನೇ ಶ್ವಾಸಕೋಶದ ಒಳಗೆ ಕೆಲಸಕ್ಕೆ ಬರುವುದು, ಆದ್ದರಿಂದ ಕಡಿಮೆಯಲ್ಲೂ ಎಷ್ಟೋ ಜನಕ್ಕೆ ಸಾಕಾಗುತ್ತದೆ. ಸಾಕಾಗುತ್ತದೋ ಇಲ್ಲವೋ ಅನ್ನುವುದು ನಡೆದು ನೋಡಿದರೆ ಮಾತ್ರ ಗೊತ್ತು. ನಮ್ಮ ಡಾಕ್ಟರು ಆಸ್ಪತ್ರೆಯ ಕಾರಿಡಾರಿನಲ್ಲಿ ಇದೇ ಮೆಷಿನ್ ಹಾಕಿಸಿ ನಡೆಸಿದರು. ಕುರ್ಚಿಯಲ್ಲಿ ಕೂತಾಗ 2ರಲ್ಲಿ, ರಕ್ತದ ಆಕ್ಸಿಜನ್ ಶೇಕಡಾ ಎಷ್ಟು ಅಂತ ಬೆರಳಿನಲ್ಲಿ ಅಳೆಯುವ ಆಕ್ಸಿಮೀಟರ್ 92 ತೋರಿಸುತ್ತಿತ್ತು. ನಡೆಯಲು ಶುರು ಮಾಡಿ ಕಾರಿಡಾರಿನ ತುದಿ ಮುಟ್ಟುವಷ್ಟರಲ್ಲಿ 84. 4ಕ್ಕೆ ಏರಿಸಿದ ಮೇಲೆ 90ರ ಹತ್ತಿರ ನಿಂತಿತು. ಅಲ್ಲಿಗೆ ನನ್ನ ನಂಬರ್ 4 ಅಂತ ಆಯಿತು. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಬ್ಯಾಟರಿ ಗಂಟೆಗಳು 1ನೇ ನಂಬರಿನ ಲೆಕ್ಕ. 4ರಲ್ಲಿ ನನಗೆ ಎರಡೂವರೆ ಗಂಟೆ ಬಂದರೆ ಪುಣ್ಯ. ಇನ್ನೊಂದು ಬ್ಯಾಟರಿ ತಗೊಳ್ಳಲೇಬೇಕಾಯಿತು, ಅದಕ್ಕೇ ಒಂದು ಒಳ್ಳೆ ಮೊಬೈಲ್‌ನಷ್ಟು ದುಡ್ಡು.

ರಾತ್ರಿ ಮಲಗುವಾಗ ಇದನ್ನು ಹಾಕಿಕೊಳ್ಳುವುದಿಲ್ಲ. ನಿದ್ದೆಯಲ್ಲಿ ಬಾಯಿ ತೆರೆದು ಉಸಿರಾಡುವವಳು ನಾನು. ಮೂಗಿನ ಉಸಿರು ಸಿಗದಿದ್ದರೆ ಮೆಷಿನ್ ಕೂಗಿಕೊಳ್ಳುತ್ತದೆ. ರಾತ್ರಿಗೆ ದೊಡ್ಡದೇ ಸರಿ.

ಹೊರಗಿನ ಓಡಾಟದ ಬಗ್ಗೆ ಹೇಳಬೇಕೆಂದರೆ, ಬ್ಯಾಂಕು, ತರಕಾರಿ, ಪಾರ್ಕು, ಇವೆಲ್ಲ ಈಗ ಸಲೀಸು. ಕಾರಿನ ಚಾರ್ಜರ್ ಜೊತೆಗೇ ಕೊಟ್ಟಿದ್ದರು, ದೂರದ ದಾರಿಗೆ ಅದೇ ದೇವರು. ಮದುವೆ ಮನೆಯಲ್ಲಿ ಮಾತ್ರ ಪ್ರಶ್ನೆಗಳು ತಪ್ಪಿದ್ದಲ್ಲ. "ಅಷ್ಟೊಂದು ಸೀರಿಯಸ್ಸಾ?" ಅಂತ ಊಟದ ಸಾಲಿನಲ್ಲಿ ಕೂತೇ ಕೇಳುತ್ತಾರೆ. ಮಕ್ಕಳು ವಾಸಿ. ಒಬ್ಬ ಪುಟ್ಟ ಹತ್ತಿರ ಬಂದು ಪೈಪನ್ನು ಕಣ್ಣಲ್ಲೇ ಮೂಗಿನಿಂದ ಬ್ಯಾಗಿನವರೆಗೂ ಅಳೆದು, "ಅಜ್ಜಿ, ನಿಮ್ಮನ್ನ ಚಾರ್ಜಿಗೆ ಹಾಕಿದ್ದಾರಾ?" ಅಂದ. ರಂಗಾಯಣದಲ್ಲಿ ನಾಟಕಕ್ಕೆ ಹೋದರೆ ಹಿಂದಿನ ಸಾಲಿನ ಮೂಲೆ ಹಿಡಿಯುತ್ತೇನೆ. ಸದ್ದು ದೊಡ್ಡದೇನಲ್ಲ, ಆದರೆ ವೇದಿಕೆ ಮೇಲೆ ಎಲ್ಲರೂ ಸುಮ್ಮನಾದಾಗ ನನ್ನ 'ಫುಸ್' ಒಂದೇ ಕೇಳುತ್ತದೆ. ಪಕ್ಕದವರು ತಿರುಗಿ ನೋಡುತ್ತಾರೆ, ನೋಡಲಿ ಬಿಡಿ.

ದೇವಸ್ಥಾನದಲ್ಲಿ ಹುಷಾರು ಬೇಕು. ಆಕ್ಸಿಜನ್ ತಾನು ಉರಿಯುವುದಿಲ್ಲ, ಆದರೆ ಉರಿಯುವುದನ್ನು ಹೆಚ್ಚಿಸುತ್ತದೆ. ಮಂಗಳಾರತಿ ತಟ್ಟೆ ಬಂದಾಗ ಬಗ್ಗಿ ಕೈ ಒಡ್ಡುವುದನ್ನು ಬಿಟ್ಟಿದ್ದೇನೆ. ದೂರದಿಂದಲೇ ನಮಸ್ಕಾರ, ಆರತಿ ನಮ್ಮೆಜಮಾನರು ತಗೊಳ್ಳುತ್ತಾರೆ. ಕರ್ಪೂರದ ಹೊಗೆ ಹೇಗಿದ್ದರೂ ನನಗೆ ಆಗುವುದಿಲ್ಲ. ಮನೆಯಲ್ಲೂ ಪೈಪ್ ಹಾಕಿಕೊಂಡು ಗ್ಯಾಸ್ ಒಲೆ ಹತ್ತಿರ ಹೋಗುವುದಿಲ್ಲ. ಮೂಗು ಒಣಗಿದರೆ ವ್ಯಾಸಲೀನ್ ಹಚ್ಚಬೇಡಿ, ಅದು ಪೆಟ್ರೋಲಿಯಂ ಜೆಲ್ಲಿ. ನೀರಿನ ಅಂಶದ ಜೆಲ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ.

ವಿಮಾನದಲ್ಲಿ ದೆಹಲಿಗೆ ಮಗಳ ಮನೆಗೆ ಹೋಗಿಬಂದೆ. ನಮ್ಮ ಸಿಲಿಂಡರ್ ಒಯ್ಯಲು ಬಿಡುವುದಿಲ್ಲ, ಈ ಮೆಷಿನ್‌ಗೆ ಬಿಡುತ್ತಾರೆ. ಡಾಕ್ಟರ ಸಹಿ ಇರುವ ಮೆಡಿಫ್ ಫಾರಂ (ಪ್ರಯಾಣಿಕರ ಆರೋಗ್ಯದ ವಿವರ) ವಿಮಾನ ಕಂಪನಿಗೆ ಮೊದಲೇ ಕಳಿಸಬೇಕು. ಪ್ರಯಾಣದ ಒಂದೂವರೆ ಪಟ್ಟು ಹೊತ್ತಿಗೆ ಆಗುವಷ್ಟು ಬ್ಯಾಟರಿ ಇರಬೇಕು ಅನ್ನುವುದು ಸಾಮಾನ್ಯ ನಿಯಮ. ಹಾರಾಟ ಎರಡೂ ಮುಕ್ಕಾಲು ಗಂಟೆ ಅಂದರೆ ನಾಲ್ಕು ಗಂಟೆಗೂ ಮೇಲೆ, ಅದೂ ನಿಮ್ಮ ನಂಬರಿನಲ್ಲಿ. ಮೇಲೆ ಹೋದಾಗ ವಿಮಾನದ ಒಳಗಿನ ಗಾಳಿಯೂ ತೆಳುವಾಗುತ್ತದೆ, 8000 ಅಡಿ ಬೆಟ್ಟದ ಮೇಲೆ ಇದ್ದ ಹಾಗೆ ಆಗಬಹುದು. ಅಲ್ಲಿ ನಂಬರ್ ಏರಿಸಬೇಕಾ ಅಂತ ಡಾಕ್ಟರನ್ನು ಕೇಳಿಕೊಂಡೇ ಹೋಗಿ. ಹೆಚ್ಚುವರಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಕಷ್ಟ ಆದದ್ದು ಕೌಂಟರಿನಲ್ಲಿ. ಫಾರಂ ಎಲ್ಲ ಸರಿ ಇದ್ದರೂ ಅಲ್ಲಿದ್ದ ಹುಡುಗಿಗೆ ಇದು ಸಿಲಿಂಡರ್ ಅಲ್ಲ ಅಂತ ನಂಬಿಸುವಷ್ಟರಲ್ಲಿ ಸಾಕಾಗಿಹೋಯಿತು. ಒಂದು ಬ್ಯಾಟರಿ ಅಲ್ಲೇ ಅರ್ಧ ಖಾಲಿ. ಗೋಡೆಯ ಪ್ಲಗ್ ಪಕ್ಕದ ಸೀಟು ಹುಡುಕಿ ಕೂತೆವು.

ಬೇಸಿಗೆ ಇದರ ಶತ್ರು. ಕೈಪಿಡಿ ಪ್ರಕಾರ 40 ಡಿಗ್ರಿ ಮೀರಿದರೆ ಓಡಿಸುವಂತಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ನಾದಿನಿ ಮಗನ ಮದುವೆ ಇತ್ತು. ಊಟ ಮುಗಿಸಿ ಬರುವವರೆಗೆ ಕಾರಿನಲ್ಲಿ ಬಿಟ್ಟಿದ್ದ ಬ್ಯಾಟರಿ ಮುಟ್ಟಿದರೆ ಸುಡುತ್ತಿತ್ತು. ಮೆಷಿನ್‌ಗೆ ಹಾಕಿದರೆ ಕೆಂಪು ಲೈಟು. ಕಲ್ಯಾಣ ಮಂಟಪದ ಎಸಿ ರೂಮಿನಲ್ಲಿ ಇಟ್ಟು ತಣ್ಣಗಾದ ಮೇಲೆಯೇ ಚಾಲೂ ಆದದ್ದು.

ನಿರ್ವಹಣೆ ಕಷ್ಟವಿಲ್ಲ. ಪಕ್ಕದ ಧೂಳಿನ ಜಾಲರಿಯನ್ನು ವಾರಕ್ಕೊಮ್ಮೆ ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕುತ್ತೇನೆ. ಮೂಗಿನ ಪೈಪ್ ಗಟ್ಟಿಯಾದ ಕೂಡಲೇ ಬದಲಿಸುತ್ತೇನೆ. ಸರ್ವಿಸ್ ಮಾತ್ರ ಬೇಜಾರು. ಫೋನ್ ಮಾಡಿದರೆ "ಬೆಂಗಳೂರಿಗೆ ಕಳಿಸಿ ಮೇಡಂ" ಅನ್ನುತ್ತಾರೆ, ಅಲ್ಲಿಯವರೆಗೆ ಬದಲಿ ಮೆಷಿನ್ ಕೊಡುವುದಿಲ್ಲ. ತಗೊಳ್ಳುವ ಮೊದಲೇ ಇದನ್ನು ಬರವಣಿಗೆಯಲ್ಲಿ ಕೇಳಿ. ಇನ್ಶೂರೆನ್ಸ್ ನೆಚ್ಚಿಕೊಳ್ಳಬೇಡಿ, ನಮಗೆ ಒಂದು ಪೈಸೆ ಬರಲಿಲ್ಲ.

ಕೆಲವು ಕಡೆ ಈ ಮೆಷಿನ್‌ಗಳು ಬಾಡಿಗೆಗೂ ಸಿಗುತ್ತವೆ. ಎರಡು ಲಕ್ಷದ ಮೇಲೆ ಸುರಿಯುವ ಮೊದಲು ಒಂದು ವಾರ ಬಾಡಿಗೆಗೆ ತಂದು, ನಿಮ್ಮ ಬೀದಿಯಲ್ಲಿ, ನಿಮ್ಮ ಮೆಟ್ಟಿಲಲ್ಲಿ ಆಕ್ಸಿಮೀಟರ್ ಹಾಕಿಕೊಂಡು ನಡೆದು ನೋಡಿ. ನಿಮಗೆ ನಿರಂತರ ಹರಿವೇ ಬೇಕು ಅಂತ ಡಾಕ್ಟರು ಹೇಳಿದ್ದರೆ ಈ ಚಿಕ್ಕದು ನಿಮಗಲ್ಲ. ಚಕ್ರದ ಮೇಲೆ ಎಳೆಯುವ ದೊಡ್ಡ ಮಾದರಿಗಳಿವೆ, ಅವನ್ನು ವಿಚಾರಿಸಿ. ನನ್ನ ಮೊದಲ ಬ್ಯಾಟರಿ ಈಗ 4ರಲ್ಲಿ ಎರಡು ಗಂಟೆಯೂ ಬರುತ್ತಿಲ್ಲ. ಆಕ್ಸಿಜನ್ ಬೇರ್ಪಡಿಸುವ ಒಳಗಿನ ಕಾಲಮ್‌ಗಳನ್ನೂ ಈ ವರ್ಷ ಬದಲಿಸಬೇಕಂತೆ. ಎರಡಕ್ಕೂ ಬೆಲೆ ಕೇಳಿ ಮೇಲ್ ಹಾಕಿದ್ದೇನೆ, ಉತ್ತರ ಬಂದರೆ ಇಲ್ಲೇ ಕೆಳಗೆ ಸೇರಿಸುತ್ತೇನೆ.