ಅನುವಾದದ ಆ್ಯಪ್: ‘ಸಂಸಾರ’ದಲ್ಲಿ ಎಡವಿತು

ಕನ್ನಡದಿಂದ ಮಲಯಾಳಕ್ಕೆ ಅನುವಾದ ಮಾಡುವ ಒಂದು ಆ್ಯಪನ್ನು ಆರು ತಿಂಗಳಿಂದ ಬಳಸುತ್ತಿದ್ದೇನೆ. ಕಣ್ಣೂರಿನಿಂದ ಪಕ್ಕದ ಮನೆಗೆ ಬಂದ ಚೇಚಿಯ (ಮಲಯಾಳದಲ್ಲಿ ಚೇಚಿ ಅಂದರೆ ಅಕ್ಕ) ಜೊತೆ ಮಾತಾಡೋಕೆ ಅಂತಲೇ ಹಾಕಿಕೊಂಡದ್ದು. ತರಕಾರಿ ಬೆಲೆ, ಬಸ್ ನಂಬರ್, ಗ್ಯಾಸ್ ಬುಕಿಂಗ್ ಎಲ್ಲ ಸಲೀಸು.

ಮೊನ್ನೆ ‘ನಿಮ್ಮ ಸಂಸಾರ ಹೇಗಿದೆ?’ ಅಂತ ಟೈಪ್ ಮಾಡಿದೆ. ಆ್ಯಪ್ ಸುಮ್ನೆ ಅದೇ ಪದವನ್ನು ಎತ್ತಿ ‘ಸಂಸಾರಂ’ ಅಂತ ಇಟ್ಟುಬಿಟ್ಟಿತು. ಓದಿದ ಚೇಚಿಯ ಮುಖ ಚಿಕ್ಕದಾಯಿತು. ಮಲಯಾಳದಲ್ಲಿ ಸಂಸಾರಂ ಅಂದರೆ ಮಾತು, ಸಂಸಾರಿಕ್ಕುಕ ಅಂದರೆ ಮಾತಾಡುವುದು! ತಾವು ಮಾತಾಡಿದ್ದರಲ್ಲೇ ಏನೋ ತಪ್ಪಾಗಿದೆ ಅಂದುಕೊಂಡರು ಪಾಪ. ಅಲ್ಲಿ ‘ಕುಟುಂಬಂ’ ಅಂತ ಬರಬೇಕಿತ್ತು.

ಪದ ಎಲ್ಲರಿಗೂ ಸಂಸ್ಕೃತದಿಂದಲೇ ಬಂದದ್ದು. ‘ಸೃ’ ಅಂದರೆ ಚಲಿಸು, ಹರಿ. ಹುಟ್ಟು ಸಾವುಗಳ ಸುತ್ತಾಟ ಅದರಿಂದ ಸಂಸಾರ ಆಯಿತು. ಹಿಂದಿಯವರಿಗೆ ಅದು ಇಡೀ ಲೋಕ. ನಮಗೆ, ತೆಲುಗರಿಗೆ ಮನೆ, ಮಕ್ಕಳು, ಮದುವೆಯ ಬದುಕು. ತಮಿಳಿನಲ್ಲಿ ಹೆಂಡತಿಯನ್ನೂ ಸಂಸಾರಂ ಅನ್ನುತ್ತಾರೆ. ನಮ್ಮ ಹಳೇ ತಲೆಯವರು ‘ಸಂಸಾರ ಕರ್ಕೊಂಡು ಬಂದಿದ್ದೀಯೇನಪ್ಪಾ?’ ಅಂತ ಬಾಗಿಲಲ್ಲೇ ಕೇಳುವುದೂ ಹೆಂಡತಿಯ ವಿಷಯವನ್ನೇ, ಅಲ್ವಾ?

ವಿಚಿತ್ರ ಅಂದರೆ, ಚೇಚಿ ಮಲಯಾಳದಲ್ಲಿ ಹೇಳಿದ ‘ಸಂಸಾರಿಕ್ಕಣಂ’ ಅನ್ನುವುದನ್ನು ಇದೇ ಆ್ಯಪ್ ‘ಮಾತಾಡಬೇಕು’ ಅಂತ ಸರಿಯಾಗಿ ಕನ್ನಡಕ್ಕೆ ತಂದಿತ್ತು. ಆ ಕಡೆಯಿಂದ ಗೊತ್ತಿರುವುದು ಈ ಕಡೆಯಿಂದ ಯಾಕೆ ಗೊತ್ತಿಲ್ಲ?

5ಕ್ಕೆ 3 ಸ್ಟಾರ್. ಅಂಗಡಿ, ಬಸ್‌ಸ್ಟ್ಯಾಂಡ್‌ಗೆ ಧಾರಾಳವಾಗಿ ಬಳಸಿ. ಮನೆಯವರ ವಿಷಯ ಕೇಳುವಾಗ ಮಾತ್ರ ‘ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ’ ಅಂತ ಬಿಡಿಸಿ ಬರೆಯಿರಿ, ಅದು ಸರಿಯಾಗಿ ಹೋಗುತ್ತದೆ.