ಮಾರುವ ಹಳೆಯ ಮನೆಗೆ ಸುಣ್ಣವೇ ಸರಿ: ಮೂರು ಬಗೆಯ ಬಣ್ಣ ಬಳಿಸಿ ನೋಡಿದ ಮೇಲೆ

ಧಾರವಾಡದ ಮಾಳಮಡ್ಡಿಯಲ್ಲಿದ್ದ ನಮ್ಮ ತಂದೆಯವರ ಮನೆಯನ್ನು ಮಾರುವುದೆಂದು ಅಕ್ಕ, ತಮ್ಮ ಮತ್ತು ನಾನು ನಿಶ್ಚಯಿಸಿದಾಗ, ಒಳಗಿನ ಗೋಡೆಗಳನ್ನು ಒಪ್ಪ ಮಾಡಿಸುವ ಕೆಲಸ ಊರಿನಲ್ಲಿಯೇ ಉಳಿದಿರುವ ನನ್ನ ಪಾಲಿಗೆ ಬಂತು. ಮೂವರೂ ಸೇರಿ ಇದಕ್ಕೆಂದು 40,000 ರೂಪಾಯಿ ತೆಗೆದಿಟ್ಟೆವು. ಕಲ್ಲಿನ ಬುನಾದಿ, ಇಟ್ಟಿಗೆಯ ಗೋಡೆ, ಅದರ ಮೇಲೆ ಸುಣ್ಣದ ಗಾರೆಯ ಗಿಲಾವು, ಮಾಡಿಗೆ ಮಂಗಳೂರು ಹಂಚು ಇರುವ ಮನೆ ಅದು. ಇಂತಹ ಮನೆಗೆ ಸುಣ್ಣ ಬಳಿಸುವುದೇ ಸರಿ ಎಂದು ಈಗ ನಾನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ. ಆದರೆ ಆ ಮಾತಿಗೆ ಬರುವ ಮೊದಲು ಪಡಸಾಲೆಗೆ ಪುಟ್ಟಿ (ಗೋಡೆಯನ್ನು ನುಣುಪು ಮಾಡುವ ಬಿಳಿ ಲೇಪ) ಮತ್ತು ಪ್ಲಾಸ್ಟಿಕ್ ಎಮಲ್ಶನ್ (ಒಣಗಿದ ಮೇಲೆ ಪ್ಲಾಸ್ಟಿಕ್ಕಿನಂತಹ ಪದರು ಕಟ್ಟುವ ಬಣ್ಣ), ನಡುಮನೆಗೆ ಡಿಸ್ಟೆಂಪರ್ (ನೀರಿನಲ್ಲಿ ಕಲಸಿ ಬಳಿಯುವ ಅಗ್ಗದ ಬಣ್ಣ), ಅಡುಗೆಮನೆ ಮತ್ತು ದೇವರ ಕೋಣೆಗೆ ಸುಣ್ಣ, ಹೀಗೆ ಮೂರನ್ನೂ ಒಂದೇ ಬೇಸಿಗೆಯಲ್ಲಿ ಮಾಡಿಸಿದ್ದೆ.

ಎಮಲ್ಶನ್ ಮಾಡಿಸಿದ್ದು ದಲಾಲರ ಸಲಹೆಯಿಂದ. "ಪಡಸಾಲಿಗೆ ಪುಟ್ಟಿ ಹೊಡಸ್ರಿ, ಮೊಬೈಲ್ ಫೋಟೊದಾಗ ಕನ್ನಡಿ ಹಂಗ ಕಾಣ್ತದ" ಎಂದು ಅವರು ಹೇಳಿದ್ದು ಸುಳ್ಳಾಗಲಿಲ್ಲ. ಬಸವ ಜಯಂತಿಯ ಹೊತ್ತಿಗೆ ಕೆಲಸ ಮುಗಿದಾಗ ಪಡಸಾಲೆ ನಿಜಕ್ಕೂ ಹೊಸ ಮನೆಯಂತೆ ಕಾಣುತ್ತಿತ್ತು. ಗೋಡೆಯ ಏರುತಗ್ಗುಗಳೆಲ್ಲ ಮಾಯವಾಗಿದ್ದವು, ಕಿಟಕಿಯ ಬೆಳಕು ಗೋಡೆಗೆ ತಾಗಿ ಕೋಣೆಯ ಮೂಲೆಯವರೆಗೂ ಹರಡುತ್ತಿತ್ತು, ಫೋಟೊ ನೋಡಿ ಒಂದೇ ವಾರದಲ್ಲಿ ನಾಲ್ಕು ಮಂದಿ ಫೋನ್ ಮಾಡಿದರು. ಸುಮಾರು 560 ಚದರ ಅಡಿ ಗೋಡೆಗೆ ಸಾಮಾನು ಮತ್ತು ಕೂಲಿ ಸೇರಿ 15,400 ರೂಪಾಯಿ ಆಯಿತು. ಒಂದೇ ಕೋಣೆಗೆ ಇಷ್ಟು ಹೋದದ್ದರಿಂದಲೇ ಉಳಿದ ಕೋಣೆಗಳಿಗೆ ಕಡಿಮೆ ಖರ್ಚಿನ ದಾರಿ ಹುಡುಕಿದೆ.

ಕಾರಹುಣ್ಣಿಮೆ ಕಳೆದು ಮಳೆ ಹಿಡಿಯಿತು. ಧಾರವಾಡದ ಆಷಾಢದ ಜಿಟಿಜಿಟಿ ಮಳೆ ಒಮ್ಮೆ ಹಿಡಿದರೆ ಒಣಗಲು ಹಾಕಿದ ಅರಿವೆ ಮೂರು ದಿನವಾದರೂ ಒಣಗುವುದಿಲ್ಲ. ಗೋಡೆಗಳ ಪಾಡೂ ಅದೇ. ಮೊದಲು ರಸ್ತೆಯ ಬದಿಯ ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಹೆಸರುಕಾಳಿನಷ್ಟು ದೊಡ್ಡ ಗುಳ್ಳೆಗಳು ಎದ್ದವು. ಎಂಟು ದಿನದಲ್ಲಿ ಅವು ಒಂದಕ್ಕೊಂದು ಕೂಡಿ ಅಂಗೈಯಗಲ ಆದವು. ಒಂದನ್ನು ಉಗುರಿನಿಂದ ಒತ್ತಿದೆ. ಬಣ್ಣ ರಬ್ಬರಿನ ಹಾಳೆಯಂತೆ ಒಳಗೆ ಹೋಗಿ ಹರಿಯಿತು, ಅದರ ಹಿಂದೆ ಹತ್ತಿಯ ಎಳೆಯಂತಹ ಬಿಳಿ ಉಪ್ಪು ಬೆಳೆದಿತ್ತು, ಪುಟ್ಟಿ ಹಸಿ ಹಿಟ್ಟಿನಂತೆ ಬೆರಳಿಗೆ ಹತ್ತಿತು. ಪಂಚಮಿಯ ಹೊತ್ತಿಗೆ ಆ ಗೋಡೆಯ ಕೆಳಗಿನ ಮೂರಡಿ ಉದ್ದಕ್ಕೂ ಉಬ್ಬಿ ನಿಂತಿತ್ತು.

ಇದರ ಕಾರಣವನ್ನು ನನಗೆ ಬಿಡಿಸಿ ಹೇಳಿದವರು ಹಳೆಯ ಕಾಲದ ಒಬ್ಬ ಗೌಂಡಿ. ಈಗಿನ ಮನೆಗಳಲ್ಲಿ ಬುನಾದಿ ಮತ್ತು ಗೋಡೆಯ ನಡುವೆ ನೀರು ಏರದಂತೆ ಒಂದು ಕಾಂಕ್ರೀಟಿನ ಪದರು ಹಾಕುತ್ತಾರೆ. ನಮ್ಮ ಮನೆಯಲ್ಲಿ ಅದಿಲ್ಲ. ದೀಪದ ಬತ್ತಿಗೆ ಎಣ್ಣೆ ಏರುವಂತೆ ನೆಲದ ಹಸಿ ಇಟ್ಟಿಗೆಗೆ ಏರುತ್ತದೆ, ಮಣ್ಣಿನ ಮತ್ತು ಇಟ್ಟಿಗೆಯ ಉಪ್ಪನ್ನೂ ಜೊತೆಗೆ ತರುತ್ತದೆ. ಗೋಡೆಗೆ ಸುಣ್ಣವಷ್ಟೇ ಇದ್ದಾಗ ಆ ಹಸಿ ಆವಿಯಾಗಿ ಹೊರಗೆ ಹೋಗುತ್ತಿತ್ತು, ಉಪ್ಪು ಮೇಲೆ ಪುಡಿಯಾಗಿ ಕುಳಿತರೆ ಅಮ್ಮ ಪೊರಕೆಯಿಂದ ಝಾಡಿಸಿಬಿಡುತ್ತಿದ್ದಳು. ಎಮಲ್ಶನ್ ಗೋಡೆಯ ಮೇಲೆ ಪ್ಲಾಸ್ಟಿಕ್ಕಿನ ಒಂದು ಪರದೆ ಕಟ್ಟುತ್ತದೆ. ಹಸಿಗೆ ಹೊರಗೆ ಹೋಗುವ ದಾರಿ ಸಾಕಾಗುವುದಿಲ್ಲ, ಉಪ್ಪು ಪರದೆಯ ಹಿಂದೆಯೇ ಹರಳುಗಟ್ಟಿ ಬಣ್ಣವನ್ನು ಹೊರಕ್ಕೆ ದೂಡುತ್ತದೆ. ಬಣ್ಣದ ಅಂಗಡಿಯಲ್ಲಿ ಇದನ್ನು ಯಾರೂ ಕೇಳಲಿಲ್ಲ. ಗೋಡೆ ಯಾವುದರದ್ದು ಎಂದು ನಾನೂ ಹೇಳಲಿಲ್ಲ.

ನವಲೂರಿನಿಂದ ಬಂದ ದಂಪತಿ ಮನೆ ನೋಡಿದ್ದು ಇದೇ ದಿನಗಳಲ್ಲಿ. ಆ ತಾಯಿ ನೆಟ್ಟಗೆ ಆ ಗೋಡೆಯ ಹತ್ತಿರ ಹೋಗಿ, "ಕಾಕಾ, ಹೊಸಾ ಬಣ್ಣ ಹಿಂಗ್ಯಾಕ ಉಬ್ಬೇತ್ರಿ? ಒಳಗ ನೀರು ಐತೇನ್ರಿ?" ಎಂದು ಕೇಳಿದಾಗ ನನಗೆ ಬಹಳ ಸಂಕಟವಾಯಿತು, ಏಕೆಂದರೆ ನಾನು ಏನನ್ನೋ ಮುಚ್ಚಿಟ್ಟಿದ್ದೇನೆಂದು ಅವರಿಗೆ ಅನಿಸಿದ್ದು ಅವರ ಮುಖದಲ್ಲಿಯೇ ಕಾಣುತ್ತಿತ್ತು. ಮತ್ತೊಂದು ಸಲ ಎಮಲ್ಶನ್ ಬಳಿದು ಬೇಸಿಗೆಯಲ್ಲಿ ಮನೆ ತೋರಿಸಿದರಾಯಿತು ಎಂಬ ಸಲಹೆಯೂ ಬಂದಿತ್ತು. ಅದನ್ನು ನಾನು ಒಪ್ಪಲಿಲ್ಲ. ತನಗೆ ತಿಳಿದಿರುವ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂತಹ ಮುಖ್ಯ ದೋಷವನ್ನು ಮಾರುವವನು ತಾನಾಗಿ ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮು ಹೇಳುತ್ತದೆ. ಕಾಯ್ದೆ ಹಾಗಿರಲಿ, ಮುಂದಿನ ಮಳೆಗಾಲದಲ್ಲಿ ಆ ಮನೆಯವರು ತಂದೆಯವರ ಹೆಸರು ಹೇಳಿ ಬೈಯುವುದು ನನಗೆ ಬೇಡವಾಗಿತ್ತು.

ಡಿಸ್ಟೆಂಪರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡುಮನೆಗೆ 7,200 ರೂಪಾಯಿಯಲ್ಲಿ ಆಯಿತು, ನಾಲ್ಕು ಕಡೆಯೂ ಒಳಗೋಡೆಗಳೇ ಆದ್ದರಿಂದ ಅಲ್ಲಿ ಗುಳ್ಳೆ ಏಳಲಿಲ್ಲ, ಒದ್ದೆ ಅರಿವೆಯಿಂದ ಹಗುರವಾಗಿ ಒರೆಸಬಹುದು. ಹಳೆಯ ಸುಣ್ಣದ ಪದರನ್ನು ಪೂರ್ತಿ ಕೆರೆದು ತೆಗೆಯದೆ ಇದನ್ನು ಬಳಿಯಬಾರದು. ನಮ್ಮಲ್ಲಿ ಬಾಗಿಲ ಹಿಂದೆ ಕೆರೆಯದೆ ಬಿಟ್ಟ ಎರಡು ಕಡೆ ಒಂದು ತಿಂಗಳಲ್ಲಿಯೇ ಹಪ್ಪಳದಂತೆ ಎದ್ದುಬಂತು.

ಸುಣ್ಣದ ಕೆಲಸವನ್ನು ಮಾತ್ರ ನಾನು ಪಕ್ಕದಲ್ಲಿಯೇ ನಿಂತು ಮಾಡಿಸಿದೆ. ಸುಟ್ಟ ಸುಣ್ಣದ ಕಲ್ಲನ್ನು ಹಿಂದಿನ ದಿನ ಸಂಜೆ ಕಬ್ಬಿಣದ ಬ್ಯಾರಲ್ಲಿನಲ್ಲಿ ನೀರಿಗೆ ಹಾಕಿ ಅರಳಿಸಿದೆವು. ಅದು ತಾನಾಗಿ ಕುದಿಯುವಷ್ಟು ಬಿಸಿಯಾಗುವುದರಿಂದ ಪ್ಲಾಸ್ಟಿಕ್ ಬಕೆಟ್ ನಡೆಯುವುದಿಲ್ಲ, ಕಣ್ಣಿಗೆ ಸಿಡಿದರೆ ಅಪಾಯವಿರುವುದರಿಂದ ಮಕ್ಕಳನ್ನು ದೂರ ಇಡಬೇಕು. ಮರುದಿನ ಹಳೆಯ ಧೋತರದಲ್ಲಿ ಸೋಸಿ, ಕರಗಿಸಿದ ಗೋಂದು ಮತ್ತು ಚಿಟಿಕೆ ನೀಲಿ ಸೇರಿಸಿ, ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಮೂರು ಕೈ ಬಳಿಸಿದೆವು. ಬಳಿಯುವಾಗ ಹಳೆಯ ಕಲೆಗಳೆಲ್ಲ ಹಾಗೆಯೇ ಕಾಣುತ್ತಿದ್ದುದರಿಂದ ಮೊದಲ ದಿನ ನನಗೆ ಗಾಬರಿಯಾಗಿತ್ತು. ಹಸಿಯಾಗಿರುವಾಗ ಸುಣ್ಣ ನೀರುಮಜ್ಜಿಗೆಯಂತೆ ತೆಳ್ಳಗೆ ಕಾಣುತ್ತದೆ, ಒಣಗುತ್ತ ಹೋದಂತೆ ನೋಡನೋಡುತ್ತಲೇ ಬೆಳ್ಳಗಾಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತ ಗಾರೆಯೊಂದಿಗೆ ಒಂದಾಗುತ್ತದೆ. ಎರಡೂ ಕೋಣೆಗೆ ಸೇರಿ 4,100 ರೂಪಾಯಿ ಆಯಿತು. ಅದೇ ಮಳೆಗಾಲದಲ್ಲಿ ದೇವರ ಕೋಣೆಯ ಹೊರಗೋಡೆಯ ಬುಡ ಸ್ವಲ್ಪ ಮಾಸಲಾಗಿ ಕಂಡಿತೇ ಹೊರತು ಒಂದು ಗುಳ್ಳೆಯೂ ಏಳಲಿಲ್ಲ, ಬೂಷ್ಟೂ ಹಿಡಿಯಲಿಲ್ಲ.

ಸುಣ್ಣದಲ್ಲಿಯೂ ಕೊರತೆಗಳಿವೆ. ಒರಗಿ ಕುಳಿತರೆ ಬೆನ್ನಿಗೆ ಹತ್ತುತ್ತದೆ. ಗೋಂದು ಹಾಕಿದರೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಒಗ್ಗರಣೆಯ ಎಣ್ಣೆ ಸಿಡಿದರೆ ಒರೆಸಲಾಗದು, ಮೇಲೆ ಇನ್ನೊಂದು ಕೈ ಬಳಿಯಬೇಕು. ಫೋಟೊದಲ್ಲಿ ಎಮಲ್ಶನ್ನಿನ ಹೊಳಪು ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸುಣ್ಣ ಹಸಿಯನ್ನು ನಿಲ್ಲಿಸುವುದಿಲ್ಲ, ಹೊರಗೆ ಹೋಗಲು ಬಿಡುತ್ತದೆ ಅಷ್ಟೇ. ಆದ್ದರಿಂದ ಪಡಸಾಲೆಯನ್ನು ಮತ್ತೆ ಕೈಗೆತ್ತಿಕೊಳ್ಳುವಾಗ ಮೊದಲು ರಸ್ತೆಯ ಬದಿಯಲ್ಲಿ ಗೋಡೆಗೆ ಆನಿಸಿದಂತೆ ಏರಿದ್ದ ಮಣ್ಣನ್ನು ಒಂದೂವರೆ ಅಡಿ ತೆಗೆಸಿದೆ, ಹಂಚಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಮಾಡಿನ ಅಂಚಿನ ನೀರುದೋಣಿಯನ್ನು ಸರಿಪಡಿಸಿದೆ. ಆಮೇಲೆ ಪುಟ್ಟಿಯನ್ನು ಕೆರೆಸಿದೆ. ನಾಲ್ಕು ಆಳಿನ ಕೆಲಸ ಅದು. ಪುಟ್ಟಿ ತನ್ನ ಜೊತೆಗೆ ಹಳೆಯ ಗಾರೆಯನ್ನೂ ಚಕ್ಕೆಚಕ್ಕೆಯಾಗಿ ಕಿತ್ತುಕೊಂಡು ಬಂದಿದ್ದರಿಂದ ಕೆಳಗಿನ ಮೂರಡಿಗೆ ಮತ್ತೆ ಸುಣ್ಣದ ಗಾರೆಯನ್ನೇ ಹಚ್ಚಿಸಬೇಕಾಯಿತು. ಅಲ್ಲಿ ಸಿಮೆಂಟು ಹಚ್ಚಿದ್ದರೆ ಹಸಿ ಅದರ ಮೇಲಿನಿಂದ ಇನ್ನೂ ಎತ್ತರಕ್ಕೆ ಏರುತ್ತಿತ್ತು ಎಂದು ಗೌಂಡಿಯವರು ಎಚ್ಚರಿಸಿದ್ದರು. ಈ ಎಲ್ಲ ಕೆಲಸಕ್ಕೆ 9,800 ರೂಪಾಯಿ ಹೋಯಿತು. ಮೊದಲೇ ಸುಣ್ಣ ಬಳಿಸಿದ್ದರೆ 15,400 ರೂಪಾಯಿ ಪೂರ್ತಿ ಉಳಿಯುತ್ತಿತ್ತು.

ಉಳಿದ 3,500 ರೂಪಾಯಿಯಲ್ಲಿ ತೇಗದ ಬಾಗಿಲುಗಳಿಗೆ ಕುದಿಸಿದ ಅಗಸೆ ಎಣ್ಣೆ ಹಚ್ಚಿಸಿದೆ, ಶಹಾಬಾದ್ ಫರಸಿಯನ್ನು ತಿಕ್ಕಿ ತೊಳೆಸಿದೆ. ಬಾಗಿಲಿಗೆ ಆಯಿಲ್ ಪೇಂಟಿಗಿಂತ ಇದು ಎಷ್ಟೋ ಮೇಲು, ತೇಗದ ಎಳೆ ಎದ್ದು ಕಾಣುತ್ತದೆ. ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಇಡಬಾರದು, ಅವು ತಾವಾಗಿ ಹೊತ್ತಿಕೊಳ್ಳಬಹುದು, ಹರವಿ ಒಣಗಿಸಬೇಕು.

ಕಾಂಕ್ರೀಟಿನ ಹೊಸ ಮನೆಯಾಗಿದ್ದು, ಗೋಡೆ ಒಣಗಿದ್ದು, ಹಣದ ಅನುಕೂಲವಿದ್ದರೆ ಎಮಲ್ಶನ್ ಬೇಡವೆಂದು ನಾನು ಹೇಳುವುದಿಲ್ಲ. ಬಾಡಿಗೆಯವರಿದ್ದು ಗೋಡೆ ಆಗಾಗ ಹಗುರವಾಗಿ ಒರೆಸಬೇಕಾಗುವ ಕಡೆ ಡಿಸ್ಟೆಂಪರ್ ಆದೀತು. ವರ್ಷಕ್ಕೊಮ್ಮೆ ಮಹಾನವಮಿಗೆ ಸುಣ್ಣ ಬಳಿಯುವ ಮನೆಯಲ್ಲಿ ಬೆಳೆದವನು ನಾನು, ಆ ವಾಸನೆ ಇಲ್ಲದಿದ್ದರೆ ಹಬ್ಬ ಬಂದಂತೆಯೇ ಅನಿಸುವುದಿಲ್ಲ; ಮೇಲಾಗಿ ಕೈಯಲ್ಲಿದ್ದದ್ದು ಮೂವರ ಪಾಲಿನ ಹಣ. ಎಂದೇ ನನ್ನ ಆಯ್ಕೆ ಸುಣ್ಣ.

ನವಲೂರಿನ ಆ ದಂಪತಿಯನ್ನು ದಸರೆಯ ನಂತರ ಮತ್ತೆ ಕರೆದೆ. ಪಡಸಾಲೆಯ ಗೋಡೆ ಏಕೆ ಉಬ್ಬಿತ್ತು, ಏನು ಮಾಡಿಸಿದ್ದೇನೆ, ಮುಂದಿನ ಮಳೆಗಾಲದಲ್ಲಿಯೂ ಬುಡ ಸ್ವಲ್ಪ ಮಾಸಬಹುದು ಎಂಬುದನ್ನೆಲ್ಲ ಬಿಚ್ಚಿ ಹೇಳಿದೆ. ಆ ತಾಯಿ ಗೋಡೆಗೆ ಅಂಗೈ ಊರಿ ನೋಡಿ, ಕೈಗೆ ಹತ್ತಿದ ಬಿಳಿಯನ್ನು ಸೆರಗಿಗೆ ಒರೆಸಿಕೊಂಡು, "ನಮ್ಮ ತವರಮನಿನೂ ಹಿಂಗ ಇತ್ರಿ" ಎಂದರು. ಕರಾರುಪತ್ರಕ್ಕೆ ಸಹಿಯಾದ ದಿನ ಹಿತ್ತಲಲ್ಲಿ ಉಳಿದಿದ್ದ ಅರ್ಧ ಡಬ್ಬಿ ಅರಳಿಸಿದ ಸುಣ್ಣವನ್ನೂ ಅವರಿಗೇ ಬಿಟ್ಟುಬಂದೆ. ಮೇಲೆ ಯಾವಾಗಲೂ ನಾಲ್ಕು ಬೆರಳು ನೀರು ನಿಂತಿರುವಂತೆ ನೋಡಿಕೊಂಡರೆ ಮುಂದಿನ ಮಹಾನವಮಿಯವರೆಗೂ ಅದು ಕೆಡುವುದಿಲ್ಲ.