ದಿನಾ ಬಳಸಿದ ಮೇಲೆ ಕುಬ್‌ಸಿಟಿಎಲ್: ಇಷ್ಟ ಬಹಳ, ಭಯ ಒಂದೇ

ಕುಬರ್ನೆಟಿಸ್ ಅಂದರೆ ಮಷೀನ್‌ಗಳ ಗುಂಪಿನಲ್ಲಿ (ಅದೇ ಕ್ಲಸ್ಟರ್) ಕಂಟೇನರ್‌ಗಳನ್ನು, ಅಂದರೆ ಬೇಕಾದ್ದನ್ನೆಲ್ಲ ಜೊತೆಗಿಟ್ಟು ಕಟ್ಟಿದ ಪ್ರೋಗ್ರಾಂಗಳನ್ನು, ಓಡಿಸುವ ವ್ಯವಸ್ಥೆ. ಪಾಡ್ ಅಂದರೆ ಅದರಲ್ಲಿ ಒಟ್ಟಿಗೆ ಓಡುವ ಒಂದು ಅಥವಾ ಹೆಚ್ಚು ಕಂಟೇನರ್. ಕುಬ್‌ಸಿಟಿಎಲ್ ಅಂದರೆ ಇದಕ್ಕೆಲ್ಲ ಟರ್ಮಿನಲ್‌ನಿಂದ ಕಮಾಂಡ್ ಕೊಡುವ ಟೂಲ್. ಇದಕ್ಕಿಂತ ಹೆಚ್ಚಿನ ಪಾಠ ಬಿಟ್ಟುಬಿಡುತ್ತೇನೆ. ಕ್ಲೌಡ್‌ನಲ್ಲಿ ಕಂಟೇನರ್ ಓಡಿಸೋಕೆ ಕುಬ್‌ಸಿಟಿಎಲ್ ಹಾಕಿಕೊಂಡು ಬೆಳಗ್ಗೆಯಿಂದ ಸಂಜೆಯವರೆಗೆ ಅದರಲ್ಲೇ ಕೆಲಸ ಮಾಡಿದರೆ ಹೇಗಿರುತ್ತದೆ ಅಂತ ಮಾತ್ರ ಹೇಳುತ್ತೇನೆ.

ನನ್ನದು ಹಳೇ ಲ್ಯಾಪ್‌ಟಾಪ್, 8 ಜಿಬಿ ರಾಮ್, ಉಬುಂಟು. ಬ್ರೌಸರ್‌ನಲ್ಲಿ ಕ್ಲೌಡ್ ಕನ್ಸೋಲ್ ತೆರೆದರೆ ಫ್ಯಾನ್ ಕೂಗೋಕೆ ಶುರು ಮಾಡುತ್ತದೆ. ಹಾಗಾಗಿ ಟರ್ಮಿನಲ್ ನನಗೆ ಶೋಕಿ ಅಲ್ಲ, ಅದಿಲ್ಲದೆ ಕೆಲಸವೇ ಆಗಲ್ಲ.

ಹಾಕಿಕೊಳ್ಳಬೇಕಾದ್ದು ಮೂರು. ಕ್ಲೌಡ್‌ನವರ ಸ್ವಂತ ಸಿಎಲ್‌ಐ (ಟರ್ಮಿನಲ್‌ನಲ್ಲಿ ಓಡಿಸುವ ಟೂಲ್), ಕುಬ್‌ಸಿಟಿಎಲ್, ಆಮೇಲೆ ಲಾಗಿನ್ ಪ್ಲಗಿನ್. ಜನ ಸಿಕ್ಕಿಹಾಕಿಕೊಳ್ಳೋದು ಮೂರನೆಯದರಲ್ಲಿ. ಮೊದಲು ಗೂಗಲ್, ಮೈಕ್ರೋಸಾಫ್ಟ್‌ನ ಅಜೂರ್ ಎರಡರ ಲಾಗಿನ್ ಕೋಡ್ ಕುಬ್‌ಸಿಟಿಎಲ್ ಒಳಗೇ ಇತ್ತು. 2022ರ ಡಿಸೆಂಬರ್‌ನಲ್ಲಿ ಬಂದ 1.26 ವರ್ಷನ್‌ನಲ್ಲಿ ಅದನ್ನು ತೆಗೆದರು. ಈಗ ಗೂಗಲ್‌ಗೆ ಜಿಕೆಇ-ಜಿಕ್ಲೌಡ್-ಆತ್-ಪ್ಲಗಿನ್, ಅಜೂರ್‌ಗೆ ಕುಬ್‌ಲಾಗಿನ್. ಅಮೆಜಾನ್‌ನ ಎಡಬ್ಲ್ಯುಎಸ್‌ನಲ್ಲಿ ಅವರ ಸಿಎಲ್‌ಐಯೇ ಟೋಕನ್ (ಒಳಗೆ ಬಿಡೋಕೆ ಬೇಕಾದ ತಾತ್ಕಾಲಿಕ ಗುರುತು) ಕೊಡುತ್ತದೆ. ಕುಬ್‌ಸಿಟಿಎಲ್ ಪ್ರತಿ ಸಲ ಈ ಹೊರಗಿನ ಪ್ರೋಗ್ರಾಂ ಕರೆದು ಟೋಕನ್ ಕೇಳುತ್ತದೆ. ಪ್ಲಗಿನ್ ಪಾತ್‌ನಲ್ಲಿ (ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ) ಇಲ್ಲದಿದ್ದರೆ ಎರರ್ ಮಾತ್ರ ಕುಬ್‌ಸಿಟಿಎಲ್‌ನಿಂದಲೇ ಬರುತ್ತದೆ, ಜನ ಅದನ್ನೇ ಅಳಿಸಿ ಮತ್ತೆ ಹಾಕುತ್ತಾ ಕೂರುತ್ತಾರೆ. ಸುಮ್ನೆ ಪ್ಲಗಿನ್ ಒಂದನ್ನೇ ಓಡಿಸಿ ನೋಡಿ, ವಿಷಯ ಗೊತ್ತಾಗುತ್ತದೆ.

ಹಳೇ ಲೇಖನ ನೋಡಿಕೊಂಡು ಆಪ್ಟ್ (ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಟೂಲ್) ಸಾಲು ಕಾಪಿ ಮಾಡಬೇಡಿ. ಕುಬರ್ನೆಟಿಸ್‌ನ ಪ್ಯಾಕೇಜ್‌ಗಳು 2023ರ ಆಗಸ್ಟ್‌ನಲ್ಲಿ ಹೊಸ ವಿಳಾಸಕ್ಕೆ ಹೋದವು, 2024ರ ಆರಂಭದಲ್ಲಿ ಹಳೆಯದನ್ನು ತೆಗೆದೇಬಿಟ್ಟರು. ಹೊಸದರಲ್ಲಿ 1.30ಕ್ಕೆ ಒಂದು ವಿಳಾಸ, 1.31ಕ್ಕೆ ಇನ್ನೊಂದು. ಅಪ್‌ಗ್ರೇಡ್ ಬೇಕಾದರೆ ನೀವೇ ಆ ಸಾಲು ತಿದ್ದಬೇಕು. ಕಿರಿಕಿರಿ ಅನ್ನಿಸಬಹುದು, ನನಗಂತೂ ಇದೇ ಸರಿ ಅನ್ನಿಸಿದೆ. ಕ್ಲಸ್ಟರ್‌ಗಿಂತ ಒಂದು ವರ್ಷನ್ ಹಿಂದೆ ಅಥವಾ ಮುಂದೆ ಇದ್ದರೆ ಮಾತ್ರ ಕುಬ್‌ಸಿಟಿಎಲ್ ಸರಿಯಾಗಿ ನಡೆಯುತ್ತದೆ ಅಂತ ಭರವಸೆ ಇರೋದು. ನನಗೆ ಹೇಳದೆ ಅದು ತಾನೇ ಮುಂದೆ ಜಿಗಿಯೋದು ಬೇಡ.

ಇನ್ನು ದಿನದ ಸುಖ. ಅಲಿಯಾಸ್ ಹಾಕಿ ಹೆಸರನ್ನು ಬರೀ ಕೆ ಮಾಡಿಕೊಂಡಿದ್ದೇನೆ, ಟ್ಯಾಬ್ ಕಂಪ್ಲೀಷನ್ ಇದೆ. ಕಾಫಿ ಲೋಟ ಪಕ್ಕಕ್ಕಿಟ್ಟು ಗೆಟ್ ಪಾಡ್ಸ್ (ಪಾಡ್‌ಗಳ ಪಟ್ಟಿ), ಜೊತೆಗೆ ವಾಚ್ ಆಯ್ಕೆ. ಹೊಸ ವರ್ಷನ್ ಬಿಟ್ಟಾಗ ಪೆಂಡಿಂಗ್ ಹೋಗಿ ಕಂಟೇನರ್ ಕ್ರಿಯೇಟಿಂಗ್, ಅದು ಹೋಗಿ ರನ್ನಿಂಗ್ ಆಗೋದನ್ನು ಸಾಲು ಸಾಲಾಗಿ ನೋಡೋದು ನನಗೆ ಇವತ್ತಿಗೂ ಖುಷಿ. ಪಾಡ್ ಸತ್ತು ಎದ್ದಿದ್ದರೆ ಲಾಗ್ಸ್ ಜೊತೆ ಪ್ರೀವಿಯಸ್ ಅಂತ ಹಾಕಿ, ಸತ್ತ ಕಂಟೇನರ್‌ನ ಕೊನೆಯ ಮಾತು ಸಿಗುತ್ತದೆ. ಎಲ್ಲಕ್ಕಿಂತ ಇಷ್ಟ ಎಕ್ಸ್‌ಪ್ಲೇನ್ ಕಮಾಂಡ್. ಯಾಮಲ್‌ನಲ್ಲಿ (ಏನೇನು ಓಡಬೇಕು ಅಂತ ಬರೆದಿಡುವ ಫೈಲ್) ಯಾವ ಫೀಲ್ಡ್ ಎಲ್ಲಿ ಬರಬೇಕು ಅಂತ ಹುಡುಕೋಕೆ ಬ್ರೌಸರ್ ಬೇಡ. ಉತ್ತರ ಬರೋದು ನಿಮ್ಮ ಕ್ಲಸ್ಟರ್‌ನಿಂದಲೇ, ಆದ್ದರಿಂದ ಅದು ನಿಮ್ಮ ವರ್ಷನ್‌ನ ಉತ್ತರ. ಇದನ್ನು ಬಳಸದವರೇ ಜಾಸ್ತಿ ಅನ್ನೋದು ನನಗೆ ಬೇಜಾರಿನ ವಿಷಯ.

ಆದರೆ ಈ ಕಾಂಟೆಕ್ಸ್ಟ್, ಅಂದರೆ ಕಮಾಂಡ್ ಯಾವ ಕ್ಲಸ್ಟರ್‌ಗೆ ಹೋಗಬೇಕು ಅನ್ನೋ ಸೆಟ್ಟಿಂಗ್, ಅದರ ವಿಷಯ ಇದೆಯಲ್ಲ, ಅದನ್ನು ನಾನು ಒಪ್ಪಿಕೊಳ್ಳೋಕೆ ಸಾಧ್ಯವೇ ಇಲ್ಲ.

ನನ್ನ ಹತ್ತಿರ ಬೇರೆ ಬೇರೆ ಗ್ರಾಹಕರ ಕ್ಲಸ್ಟರ್‌ಗಳಿವೆ. ಎಲ್ಲದರ ವಿವರವೂ ಹೋಮ್ ಫೋಲ್ಡರ್‌ನ ಒಂದೇ ಕಾನ್ಫಿಗ್ ಫೈಲ್‌ಗೆ ಹೋಗಿ ಬೀಳುತ್ತದೆ. ಈಗ ಯಾವ ಕ್ಲಸ್ಟರ್ ಅನ್ನೋದೂ ಅದೇ ಫೈಲ್‌ನ ಒಂದು ಸಾಲು. ಅಂದರೆ ಒಂದು ಟರ್ಮಿನಲ್‌ನಲ್ಲಿ ಕ್ಲಸ್ಟರ್ ಬದಲಿಸಿದರೆ ತೆರೆದಿರುವ ಎಲ್ಲ ಟರ್ಮಿನಲ್‌ಗಳಲ್ಲೂ ಬದಲಾಗುತ್ತದೆ, ಅಡುಗೆಮನೆಯ ಸ್ವಿಚ್ ಒತ್ತಿದರೆ ಪಡಸಾಲೆಯ ಲೈಟ್ ಆರಿದ ಹಾಗೆ. ಕ್ಲೌಡ್ ಸಿಎಲ್‌ಐಯಲ್ಲಿ ಹೊಸ ಕ್ಲಸ್ಟರ್‌ನ ಕ್ರೆಡೆನ್ಷಿಯಲ್ (ಲಾಗಿನ್ ವಿವರ) ತಂದರೂ ಅಷ್ಟೇ, ಕೇಳದೆ ಅದಕ್ಕೇ ತಿರುಗಿಸಿ ಇಡುತ್ತದೆ. ಎಲ್ಲ ಕಡೆಯೂ ನೇಮ್‌ಸ್ಪೇಸ್ (ಕ್ಲಸ್ಟರ್ ಒಳಗಿನ ವಿಭಾಗ) ಹೆಸರು ಡಿಫಾಲ್ಟ್, ಡಿಪ್ಲಾಯ್‌ಮೆಂಟ್ (ಓಡುತ್ತಿರುವ ಆ್ಯಪ್) ಹೆಸರು ಎಪಿಐ. ಹಾಗಾಗಿ ತಪ್ಪು ಕಡೆ ಓಡಿಸಿದ ಕಮಾಂಡ್ ಎರರ್ ಕೊಡಲ್ಲ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಡಿಲೀಟ್ ಕೂಡ ಏನೂ ಕೇಳಲ್ಲ. ಕೇಳಬೇಕಾದರೆ ಇಂಟರಾಕ್ಟಿವ್ ಅನ್ನೋ ಆಯ್ಕೆಯನ್ನು ನೀವೇ ನೆನಪಿಟ್ಟುಕೊಂಡು ಹಾಕಬೇಕು. ಬೇರೆಯವರ ದುಡ್ಡಿನ ಮೇಲೆ ಓಡುವ ಸರ್ವರ್‌ಗಳು ಇವು. ಇಷ್ಟು ಜನ ಬಳಸುವ ಟೂಲ್ ನೀವು ಎಲ್ಲಿದ್ದೀರಿ ಅಂತ ತಾನಾಗಿ ಒಂದು ಮಾತೂ ಹೇಳಲ್ಲ ಅಂದರೆ ಹೇಗೆ?

ದಾರಿ ಇದೆ. ಕುಬ್‌ಕಾನ್ಫಿಗ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಪ್ರತಿ ಗ್ರಾಹಕರ ಫೋಲ್ಡರ್‌ನಲ್ಲೂ ಬೇರೆ ಫೈಲ್ ತೋರಿಸಿ. ಫೋಲ್ಡರ್‌ಗೆ ತಕ್ಕಂತೆ ವೇರಿಯಬಲ್ ಬದಲಿಸುವ ಡೈರೆನ್ವ್ ಅನ್ನೋ ಟೂಲ್ ಇದ್ದರೆ ಆ ಫೋಲ್ಡರ್‌ಗೆ ಹೋದ ಕೂಡಲೇ ತಾನೇ ಸೆಟ್ ಆಗುತ್ತದೆ. ಹೊಸ ಕ್ರೆಡೆನ್ಷಿಯಲ್ ಕೂಡ ಆ ಫೈಲ್‌ಗೇ ಹೋಗುತ್ತದೆ, ಪಕ್ಕದ ಟರ್ಮಿನಲ್ ಅಲುಗಾಡಲ್ಲ. ಹೋಮ್ ಫೋಲ್ಡರ್‌ನ ಫೈಲ್ ನನ್ನ ಹತ್ತಿರ ಈಗ ಖಾಲಿ. ಬೇರೆಲ್ಲೋ ನಿಂತು ಕಮಾಂಡ್ ಕೊಟ್ಟರೆ ಎರರ್ ಬರುತ್ತದೆ, ನನಗೆ ಬೇಕಾದದ್ದೂ ಅದೇ. ಪ್ರಾಂಪ್ಟ್‌ನಲ್ಲಿ ಕ್ಲಸ್ಟರ್ ಹೆಸರು ತೋರಿಸೋಕೆ ಕುಬ್-ಪಿಎಸ್1 ಹಾಕಿದ್ದೇನೆ. ಸ್ಕ್ರಿಪ್ಟ್‌ಗಳಲ್ಲಿ ಮಾತ್ರ ಕಾಂಟೆಕ್ಸ್ಟ್ ಹೆಸರನ್ನು ಪ್ರತಿ ಸಾಲಿನಲ್ಲೂ ಬರೆಯುತ್ತೇನೆ. ಇಷ್ಟು ಮಾಡಿದ ಮೇಲೆ ಕೋಪ ಇಳಿದಿದೆ, ಆದರೂ 5ಕ್ಕೆ 4 ಕೊಡುತ್ತೇನೆ, 5 ಕೊಡಲ್ಲ.

ದುಡ್ಡಿನ ಮಾತು. ಟೂಲ್ ಫ್ರೀ, ಕ್ಲಸ್ಟರ್ ಫ್ರೀ ಅಲ್ಲ. ಎಡಬ್ಲ್ಯುಎಸ್‌ನ ಕುಬರ್ನೆಟಿಸ್ ಸೇವೆ ಇಕೆಎಸ್‌ನಲ್ಲಿ ಬರೀ ಕ್ಲಸ್ಟರ್ ಇಟ್ಟುಕೊಂಡಿದ್ದಕ್ಕೇ ಗಂಟೆಗೆ 10 ಸೆಂಟ್, ಮಷೀನ್‌ಗಳ ಬಾಡಿಗೆ ಬೇರೆ. ಕಲಿಯೋಕೆ ಅಷ್ಟು ಖರ್ಚು ಬೇಡ, ಕೆ3ಎಸ್ ಅನ್ನೋ ಹಗುರ ಕುಬರ್ನೆಟಿಸ್ ಹಾಕಿಕೊಳ್ಳಿ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಅದರ ಕಾನ್ಫಿಗ್ ಮೊದಲಿನಿಂದಲೇ ಇಟಿಸಿ ಫೋಲ್ಡರ್ ಒಳಗೆ ಬೇರೆ ಫೈಲ್ ಆಗಿ ಬರುತ್ತದೆ. ರೂಟ್‌ಗೆ ಮಾತ್ರ ಓದೋಕೆ ಆಗುತ್ತದೆ, ಹಾಗಾಗಿ ಒಂದು ಕಾಪಿ ನಿಮ್ಮ ಫೋಲ್ಡರ್‌ಗೆ ತಂದು ಓನರ್ ಬದಲಿಸಿಕೊಳ್ಳಿ.